ಪುತ್ರಶೋಕದ ಗಾನ

ಶಿಲುಬೆಯ ಬುಡದಲ್ಲಿ ನಿಂತು ಮಗನ ಮರಣವನ್ನು ಕಣ್ಣಾರೆ ಕಂಡ ಮೇರಿಮಾತೆಯ ದುಃಖವೇ ‘ಸ್ಟಾಬಾಟ್ ಮಾಟರ್’ ಎಂಬ ಲ್ಯಾಟಿನ್ ಸ್ತೋತ್ರದ ವಸ್ತು. 13ನೆಯ ಶತಮಾನದ ಈ ಕೃತಿಯ ಅಂತ್ಯಪ್ರಾಸವು ನಮಗೆ ಭಜಗೋವಿಂದವನ್ನು ನೆನಪಿಗೆ ತರುತ್ತದೆ.

ಬೊಹೀಮಿಯದ ಆಂಟೊನಿನ್ ದ್ವೋರ್ಜಾಕನಿಗೆ 1875ರಲ್ಲಿ ಹಸುಗೂಸು ಯೋಸೆಫಾ ತೀರಿಕೊಂಡಳು. ಮರುವರ್ಷ ಆತನು ಈ ಸ್ತೋತ್ರಕ್ಕೆ ಬೃಂದಗಾನದ ಕರಡನ್ನು ಬರೆದು ಬದಿಗಿಟ್ಟನು. 1877ರ ಆಗಸ್ಟಿನಲ್ಲಿ ರೂಜೆನಾ ರಂಜಕದ ದ್ರವವನ್ನು ಕುಡಿದು ಸತ್ತಳು. ಸೆಪ್ಟೆಂಬರಿನಲ್ಲಿ, ತಂದೆಯ ಜನ್ಮದಿನದಂದೇ, ಓಟಕಾರನನ್ನು ಸಿಡುಬು ಒಯ್ದಿತು. ತೊಟ್ಟಿಲು ತೂಗಿದ ಮನೆಯಲ್ಲಿ ಒಂದು ಮಗುವೂ ಉಳಿಯಲಿಲ್ಲ. ಆತನು ಆ ಕರಡನ್ನೇ ಮತ್ತೆ ಕೈಗೆತ್ತಿಕೊಂಡು ನವೆಂಬರ್ 13ರಂದು ಮುಗಿಸಿದನು. 1880ರ ಡಿಸೆಂಬರ್ 23ರಂದು ಪ್ರಾಗ್ ನಗರವು ಅದನ್ನು ಮೊದಲು ಕೇಳಿತು.

ಇಲ್ಲಿ ಹೊನ್ನವಳ್ಳಿಯ ತೆಂಗಿನ ಸೀಮೆಯಲ್ಲಿ ಧ್ವನಿಮುದ್ರಿಕೆಯಿಂದ ಅದನ್ನು ಕೇಳಿದೆವು. ಕರುಣರಸಕ್ಕೆ ಭವಭೂತಿಯು ಕೊಟ್ಟ ಅಗ್ರಸ್ಥಾನವನ್ನು ಒಪ್ಪದವರು ಇದನ್ನೊಮ್ಮೆ ಕೇಳಬೇಕು. ಒಂದೇ ಸ್ವರವು ಸ್ಥಾಯಿಯಿಂದ ಸ್ಥಾಯಿಗೆ ಏರಿ, ಬಳಿಕ ಮೆಲ್ಲಮೆಲ್ಲನೆ ಕುಸಿಯುತ್ತದೆ. ಹತ್ತನೆಯದಾದ ಕೊನೆಯ ಭಾಗದಲ್ಲಿ ಆ ಮೊದಲ ಸಂಚಾರವೇ ಮರಳಿ ಬಂದು ಸ್ವರ್ಗಪ್ರಾರ್ಥನೆಯಾಗಿ ಬೆಳಗುತ್ತದೆ.