ನೀರು ಸೇದುವ ಯಂತ್ರ

ಕನ್ನಡದ 'ಸೇದು' ಎಂಬ ಕ್ರಿಯಾಪದಕ್ಕೆ ಎರಡು ಬಳಕೆಗಳುಂಟು. ಬಾವಿಯ ನೀರನ್ನು ಸೇದುತ್ತೇವೆ, ಬೀಡಿಯನ್ನೂ ಸೇದುತ್ತಾರೆ. ಹೊಗೆಸೊಪ್ಪಿನ ಸೀಮೆಯಾದ ಹುಣಸೂರು, ಪಿರಿಯಾಪಟ್ಟಣಗಳ ಜನಕ್ಕೆ ಇವೆರಡೂ ಚಿರಪರಿಚಿತ. ರಾಟೆ, ಹಗ್ಗ, ಕೊಡಗಳಿಂದ ಸೇದುವಾಗ ನಾವು ನಿಜಕ್ಕೂ ನೀರನ್ನು ಎತ್ತುತ್ತೇವೆ. ಆದರೆ ಬಾವಿಕಟ್ಟೆಯ ಮೇಲಿನ ವಿದ್ಯುತ್ ಪಂಪು ಸೇದುವುದು ಬೀಡಿ ಸೇದುವ ರೀತಿಯಲ್ಲಿ. ಅಲ್ಲಿ ಎಳೆತವೆಂಬುದು ಬರಿಯ ತೋರಿಕೆ.

ಪಂಪಿನ ಶಂಖಾಕೃತಿಯ ಕವಚದೊಳಗೆ ರೆಕ್ಕೆಗಳುಳ್ಳ ಒಂದು ಚಕ್ರವಿದೆ. ಮೋಟಾರು ಅದನ್ನು ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗಿಸಿದಾಗ ಒಳಗಿನ ನೀರು ಅಂಚಿಗೆ ಚಿಮ್ಮಿ ಮೇಲಿನ ಕೊಳವೆಯನ್ನೇರುತ್ತದೆ. ಚಕ್ರದ ನಡುವೆ ಒತ್ತಡ ಕುಗ್ಗುತ್ತದೆ. ಆಗ ಬಾವಿಯ ನೀರಿನ ಮೇಲೆ ಕುಳಿತಿರುವ ವಾಯುಮಂಡಲದ ಭಾರವು ನೀರನ್ನು ಕೊಳವೆಯೊಳಗೆ ಮೇಲಕ್ಕೆ ಒತ್ತುತ್ತದೆ. ನಾವು ಗಾಳಿಯ ಕಡಲಿನ ತಳದಲ್ಲಿ ಬಾಳುವವರೆಂದು ಇಟಲಿಯ ಟೊರಿಚೆಲ್ಲಿ 1644ರಲ್ಲಿ ಪತ್ರವೊಂದರಲ್ಲಿ ವಿವರಿಸಿದ್ದನು. ಆ ಕಡಲಿನ ಭಾರಕ್ಕೂ ಒಂದು ಮಿತಿಯಿದೆ. ಸಮುದ್ರಮಟ್ಟದಲ್ಲಿ ಅದು ನೀರನ್ನು ಎತ್ತಬಲ್ಲದ್ದು 10.3 ಮೀಟರು ಮಾತ್ರ. ಏಳೆಂಟುನೂರು ಮೀಟರು ಎತ್ತರದಲ್ಲಿರುವ ನಮ್ಮ ಮೈಸೂರು ಸೀಮೆಯಲ್ಲಿ ಅದು ಸುಮಾರು 9.5ಕ್ಕೆ ಇಳಿಯುತ್ತದೆ. ಕೊಳವೆಯ ಘರ್ಷಣೆಯನ್ನೂ ಕಳೆದರೆ ನಂಬಬಹುದಾದದ್ದು 6ರಿಂದ 7 ಮೀಟರು.

ಈ ಲೆಕ್ಕವನ್ನರಿಯದೆ ಎಷ್ಟೋ ಮನೆಗಳಲ್ಲಿ ಹಣ ವ್ಯರ್ಥವಾಗುತ್ತದೆ. ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಬಾವಿಯ ನೀರು ಮೇಲೆಯೇ ಇರುವುದರಿಂದ ತೊಂದರೆ ಕಡಿಮೆ. ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣಗಳ ಬೆದ್ದಲು ಭಾಗದಲ್ಲಿ ಹಾಗಲ್ಲ. ಗಟ್ಟಿ ಬಂಡೆಯ ಮೇಲಿನ ಶಿಥಿಲ ಪದರದಲ್ಲಿ ನಿಂತ ನೀರು ಬೇಸಗೆಯಲ್ಲಿ ಕೆಳಗಿಳಿಯುತ್ತದೆ. ಪಂಪು ಸದ್ದು ಮಾಡುತ್ತದೆ, ನೀರು ಬಾರದು. ಮನೆಯವರು ಮೋಟಾರನ್ನು ದೂರಿ, ಅರ್ಧ ಅಶ್ವಶಕ್ತಿಯದನ್ನು ತೆಗೆದು ಒಂದು ಅಶ್ವಶಕ್ತಿಯದನ್ನು ತರುತ್ತಾರೆ. ವಾಯುಮಂಡಲಕ್ಕೆ ಅಶ್ವಶಕ್ತಿಯ ಹಂಗೇನಿದೆ? ಪಂಪನ್ನೇ ಬಾವಿಯೊಳಗಿನ ಮೆಟ್ಟಿಲಿಗೆ ಇಳಿಸಬೇಕು. ಇಲ್ಲವೆ ಜೆಟ್ ಪಂಪನ್ನೋ, ನೀರಿನಲ್ಲಿ ಮುಳುಗಿ ಕೆಳಗಿನಿಂದಲೇ ತಳ್ಳುವ ಸಬ್‌ಮರ್ಸಿಬಲ್ ಪಂಪನ್ನೋ ಅಳವಡಿಸಬೇಕು.

ನೀರು ಹತ್ತಿರವಿದ್ದೂ ಬಾರದಿದ್ದರೆ ಮೊದಲು ಶಂಕಿಸಬೇಕಾದದ್ದು ಕೊಳವೆಯ ತುದಿಯ ಫುಟ್‌ವಾಲ್ವನ್ನು. ನೀರು ಹಿಂದಿರುಗದಂತೆ ಕಾಯುವ ಈ ಪುಟ್ಟ ಬಾಗಿಲಿಗೆ ಒಂದು ಮರಳಿನ ಹರಳು ಸಿಕ್ಕಿಕೊಂಡರೂ ಸಾಕು, ರಾತ್ರಿಯೆಲ್ಲ ಕೊಳವೆ ಬರಿದಾಗುತ್ತದೆ. ಬರಿದಾದ ಪಂಪು ಗಾಳಿಯನ್ನು ಕಡೆಯುವುದಲ್ಲದೆ ಮತ್ತೇನನ್ನೂ ಮಾಡಲಾರದು. ಬೆಳಿಗ್ಗೆ ಬೆಳಿಗ್ಗೆ ನೀರು ತುಂಬಿಸುವ ಶಿಕ್ಷೆ ಹೀಗೆ ಬರುವುದು. ಕೊಳವೆಯ ಬೆಸುಗೆಯಲ್ಲಿ ಬಿರುಕಿದ್ದರೂ ಇದೇ ಫಲ. ಆದರೆ ಅದನ್ನು ಕಂಡುಹಿಡಿಯುವುದು ಕಷ್ಟ. ಪಂಪು ಓಡುವಾಗ ಅಲ್ಲಿ ನೀರು ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ನುಸುಳುತ್ತದೆ. ಸಾಬೂನಿನ ನೊರೆ ಹಚ್ಚಿ ನೋಡಿದರೆ ನೊರೆ ಒಳಸೇರುವ ಕಡೆ ಬಿರುಕಿದೆಯೆಂದು ತಿಳಿಯಬೇಕು. ಮೋಟಾರು ಗುಂಯ್‌ಗುಟ್ಟುತ್ತಲೂ ತಿರುಗದಿದ್ದರೆ ಕೆಪಾಸಿಟರ್ ಸೋತಿರಬಹುದು, ಚಕ್ರ ಸಿಕ್ಕಿಕೊಂಡಿರಬಹುದು, ವೋಲ್ಟೇಜು ಕುಸಿದಿರಬಹುದು. ಕಾರಣವನ್ನು ಆಮೇಲೆ ಚರ್ಚಿಸಬಹುದು. ಮೊದಲು ಸ್ವಿಚ್ಚನ್ನು ಆರಿಸಬೇಕು. ನಿಂತ ಮೋಟಾರಿನ ಸುರುಳಿ ಸುಡಲು ಹೆಚ್ಚು ಹೊತ್ತು ಬೇಡ.

ಫುಟ್‌ವಾಲ್ವನ್ನು ಶುಚಿಗೊಳಿಸಲೆಂದು ಬಾವಿಗೆ ಇಳಿಯುವ ಅಭ್ಯಾಸವಂತೂ ಪ್ರಾಣಾಂತಿಕ. ಬಹುಕಾಲ ಬಳಸದ ಆಳದ ಬಾವಿಯಲ್ಲಿ ಇಂಗಾಲದ ಡೈಆಕ್ಸೈಡ್ ನೆಲೆಸಿ ಪ್ರಾಣವಾಯು ಕುಗ್ಗಿರಬಹುದು. ಮೊದಲು ಇಳಿದವನು ಕುಸಿದಾಗ ಅವನನ್ನು ಉಳಿಸಲೆಂದು ಧಾವಿಸಿದ ಎರಡನೆಯವನೂ ಹಿಂದಿರುಗದೆ ಹೋಗುವ ದುರಂತಗಳು ಅಪರೂಪವಲ್ಲ. ದೀಪ ಇಳಿಸಿ ನೋಡುವ ಹಿರಿಯರ ಪದ್ಧತಿಗೆ ಅರ್ಥವಿದೆ. ಅದು ಆರಿದರೆ ಇಳಿಯಲೇಬಾರದು. ಆದರೆ ಬಾವಿಯೊಳಗೆ ಡೀಸೆಲ್ ಎಂಜಿನ್ ಓಡಿಸಿದ್ದರೆ ಅದರ ವಿಷಾನಿಲಕ್ಕೆ ದೀಪ ಆರುವುದಿಲ್ಲ, ಮನುಷ್ಯನ ಉಸಿರು ಆರುತ್ತದೆ. ವಿದ್ಯುತ್ತನ್ನು ಕಡಿದು, ಹಗ್ಗ ಕಟ್ಟಿ ಕೊಳವೆಯನ್ನೇ ಮೇಲೆತ್ತಿ, ಕಟ್ಟೆಯ ಮೇಲೆ ವಾಲ್ವನ್ನು ತೊಳೆಯಬೇಕು. ಮರಳಿ ಇಳಿಸುವಾಗ ಅದಕ್ಕೊಂದು ಜಾಲರಿ ಹೊದಿಸಿ, ತಳದ ಕೆಸರಿನಿಂದ ಅರ್ಧ ಮೀಟರಾದರೂ ಮೇಲಿರುವಂತೆ ಬಿಟ್ಟರೆ ಮತ್ತೆ ಬೇಗ ಎತ್ತುವ ಪ್ರಮೇಯ ಬಾರದು.