ಮನೆಯೊಳಗಿನ ಬೆಂಕಿ: ವರ್ಷವಿಡೀ ಇರಲಿ ಎಚ್ಚರ

‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ’ ಎಂಬ ಗಾದೆಯ ಹಿಂದೆ ಹುಲ್ಲು, ಸೋಗೆ ಹೊದಿಸಿದ ಮನೆಗಳ ಊರುಗಳಿವೆ. ಒಲೆಯ ಒಂದು ಕಿಡಿ ಮಾಡಿಗೆ ತಾಗಿದರೆ ಇಡೀ ಕೇರಿ ಬೂದಿಯಾಗಬಹುದಾಗಿದ್ದ ಕಾಲವದು. ರಾತ್ರಿ ಅಡುಗೆ ಮುಗಿದ ಮೇಲೆ ಕೆಂಡಕ್ಕೆ ಬೂದಿ ಮುಚ್ಚುವುದು, ಹುಲ್ಲಿನ ಬಣವೆಯನ್ನು ಮನೆಯಿಂದ ದೂರ ಒಟ್ಟುವುದು ಇವೆಲ್ಲ ಬೆಂಕಿಯ ಭಯ ಕಲಿಸಿದ ಪಾಠಗಳು.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತು. ಸುಟ್ಟ ಮಣ್ಣಿನ ಹೆಂಚು ಹೊತ್ತಿಕೊಳ್ಳುವುದಿಲ್ಲ. ಹೆಂಚಿನ ಮನೆಗಳು ಹೆಚ್ಚಿದಂತೆ ಮಾಡಿನ ಬೆಂಕಿಯ ಭಯ ತಗ್ಗಿತು. ಆದರೆ ಬೆಂಕಿ ಮನೆ ಬಿಟ್ಟು ಹೋಗಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಮುಂದೆ ವಿದ್ಯುತ್ತು ಮನೆಮನೆಗೂ ಬಂತು; ಅಡುಗೆ ಅನಿಲವೂ ಬಂತು. ಮಾಡಿನ ಮೇಲಿದ್ದ ಅಪಾಯ ಗೋಡೆಯೊಳಗಿನ ತಂತಿಗೂ ಒಲೆಯ ಪಕ್ಕದ ಸಿಲಿಂಡರಿಗೂ ಇಳಿಯಿತು.

ಬೆಂಕಿ ಉರಿಯಲು ಮೂರು ಬೇಕು: ಉರಿಯುವ ವಸ್ತು, ಶಾಖ ಮತ್ತು ಆಮ್ಲಜನಕ. ಇವುಗಳಲ್ಲಿ ಒಂದನ್ನು ತಪ್ಪಿಸಿದರೂ ಬೆಂಕಿ ನಿಲ್ಲುತ್ತದೆ. ಯಾವ ಕಾಲದಲ್ಲಿ ಯಾವುದನ್ನು ತಪ್ಪಿಸಬೇಕೆಂಬುದೇ ಜಾಣತನ.

ಬೇಸಿಗೆಯಲ್ಲಿ ಫ್ಯಾನು, ಕೂಲರು, ಏಸಿಗಳು ಒಟ್ಟಿಗೆ ತಿರುಗುತ್ತವೆ. ಒಂದೇ ಪ್ಲಗ್ಗಿಗೆ ಹಲವು ಸಾಧನಗಳನ್ನು ಸಿಕ್ಕಿಸಿದರೆ ತಂತಿ ಬಿಸಿಯಾಗಿ ಅದರ ಹೊದಿಕೆ ಕರಗುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತಿದೆಯೆಂದು ದಪ್ಪ ತಂತಿ ಕಟ್ಟುವವರಿದ್ದಾರೆ. ತೆಳ್ಳಗಿನ ಫ್ಯೂಸ್ ತಂತಿ ತಾನು ಕರಗಿ ಮನೆಯನ್ನು ಉಳಿಸುತ್ತದೆ. ದಪ್ಪ ತಂತಿ ತಾನು ಉಳಿದು ಮನೆಯನ್ನು ಸುಡುತ್ತದೆ.

ಮಳೆಗಾಲ ತಂಪಿನ ಕಾಲವಾದರೂ ನಿರ್ಭಯದ ಕಾಲವಲ್ಲ. ಗೋಡೆಯ ತೇವ ಹಳೆಯ ವೈರಿಂಗಿಗೆ ಇಳಿದು ಶಾರ್ಟ್ ಸರ್ಕ್ಯೂಟ್ ಆಗಬಹುದು. ಒಲೆಯ ಮೇಲೆ ಒದ್ದೆ ಬಟ್ಟೆ ಹರವುವುದು, ಹಾಸಿಗೆಯ ಅಂಚಿನಲ್ಲಿ ಸೊಳ್ಳೆಬತ್ತಿ ಇಡುವುದು ಇನ್ನೆರಡು ತಪ್ಪುಗಳು. ಹತ್ತಿಯ ಹಾಸಿಗೆ ಜ್ವಾಲೆಯಿಲ್ಲದೆ ಒಳಗೊಳಗೇ ಕನಲುತ್ತದೆ. ನಿದ್ದೆಯಲ್ಲಿದ್ದವರನ್ನು ಉರಿಗಿಂತ ಮೊದಲು ಹೊಗೆಯೇ ಕೊಲ್ಲುತ್ತದೆ.

ನವರಾತ್ರಿಯಿಂದ ಕಾರ್ತಿಕದವರೆಗೆ ದೀಪಗಳ ಕಾಲ. ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಮರುದಿನದ ಅಭ್ಯಂಜನಕ್ಕೆಂದು ಹಂಡೆ, ಕೊಡಗಳನ್ನು ಬೆಳಗಿ ನೀರು ತುಂಬುತ್ತಾರೆ. ಪಟಾಕಿ ಹಚ್ಚುವ ಮುನ್ನ ಅಂಗಳದಲ್ಲೂ ಒಂದು ಬಕೆಟ್ ನೀರು, ಒಂದಿಷ್ಟು ಮರಳು ಇಟ್ಟರೆ ಆ ಹಬ್ಬದ ಅರ್ಥ ಹೆಚ್ಚುತ್ತದೆ. ಮಕ್ಕಳಿಗೆ ಸಿಂಥೆಟಿಕ್ ಬಟ್ಟೆ ಬೇಡ. ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಉರಿಯುವ ದೀಪ ಪರದೆಯ ಬಳಿ ಇರಕೂಡದು. ನಂದಾದೀಪದ ಎಣ್ಣೆಬತ್ತಿಯನ್ನು ಇಲಿ ಎಳೆದೊಯ್ಯದಂತೆ ಗಾಜಿನ ಮರೆ ಇರಲಿ.

ಚಳಿಗಾಲದಲ್ಲಿ ಬಚ್ಚಲ ಒಲೆಯ ಬಾಯಲ್ಲೇ ಸೌದೆ ಒಣಗಿಸುವ ರೂಢಿ ಹಳ್ಳಿಗಳಲ್ಲಿದೆ. ಉದ್ದನೆಯ ಸೌದೆ ಉರಿಯುತ್ತ ಹೊರಜಾರಿದರೆ ರಾಶಿಯೇ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಸದ್ದಿಲ್ಲದೆ ಜೀವ ತೆಗೆಯುತ್ತದೆ.

ಅಡುಗೆಮನೆಗೆ ಮಾತ್ರ ಋತುಭೇದವಿಲ್ಲ. ಅಲ್ಲಿ ಹೊತ್ತಿದ ಬೆಂಕಿಗೆ ಮೊದಲು ಸಿಗುವವರು ಸಾಮಾನ್ಯವಾಗಿ ಹೆಂಗಸರು. ಇಳಿಬಿದ್ದ ಸೆರಗು, ದುಪಟ್ಟಾಗಳಿಗೆ ಒಲೆಯ ಉರಿ ಕ್ಷಣದಲ್ಲಿ ಹಬ್ಬುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸುವ ಅಜ್ಜಿಯರ ಅಭ್ಯಾಸ ಇಂದಿಗೂ ಒಳ್ಳೆಯದೇ.

ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ದುರ್ವಾಸನೆಯ ರಾಸಾಯನಿಕ ಬೆರೆಸುತ್ತಾರೆ. ಗಾಳಿಗಿಂತ ಭಾರವಾದ ಈ ಅನಿಲ ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಆದ್ದರಿಂದ ವಾಸನೆ ಬಂದಾಗ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂ ಬಾರದು. ಸ್ವಿಚ್ಚಿನ ಸಣ್ಣ ಕಿಡಿಯೇ ಸಾಕು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906 ಸಂಖ್ಯೆಗೆ ಕರೆ ಮಾಡಬೇಕು. ಅನಿಲದ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು.

ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಸುರಿಯಲೇಬಾರದು. ನೀರು ಎಣ್ಣೆಯ ತಳಕ್ಕಿಳಿದು, ಸುಮಾರು 1,600 ಪಟ್ಟು ಹಿಗ್ಗಿ ಆವಿಯಾಗಿ, ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಒಲೆ ಆರಿಸಿ ಬಾಣಲೆಗೆ ತಟ್ಟೆ ಮುಚ್ಚಿದರೆ ಗಾಳಿಯಿಲ್ಲದೆ ಬೆಂಕಿ ಸಾಯುತ್ತದೆ. ವಿದ್ಯುತ್ ಬೆಂಕಿಗೂ ನೀರು ಸಲ್ಲದು. ಮೊದಲು ಮೇನ್ ಸ್ವಿಚ್ ಆರಿಸಬೇಕು.

ಮೈಮೇಲಿನ ಬಟ್ಟೆಗೆ ಬೆಂಕಿ ತಗುಲಿದರೆ ಓಡಬಾರದು. ನೆಲದಲ್ಲಿ ಉರುಳಬೇಕು, ಇಲ್ಲವೇ ದಪ್ಪ ಕಂಬಳಿ ಸುತ್ತಬೇಕು. ಸುಟ್ಟ ಗಾಯಕ್ಕೆ ಇಂಕು, ಟೂತ್‌ಪೇಸ್ಟು, ತುಪ್ಪ ಹಚ್ಚದೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಹರಿಸಿ ವೈದ್ಯರಲ್ಲಿಗೆ ಹೋಗಬೇಕು. ಬೆಂಕಿ ಕೈಮೀರುವಂತಿದ್ದರೆ ಸಾಮಾನು ಉಳಿಸಲು ನಿಲ್ಲದೆ ಎಲ್ಲರೂ ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಬೇಕು.

ಇವುಗಳಲ್ಲಿ ಹೆಚ್ಚಿನವಕ್ಕೆ ಹಣದ ಖರ್ಚಿಲ್ಲ. ಕೆಂಡಕ್ಕೆ ಬೂದಿ ಮುಚ್ಚಿಯೇ ಮಲಗುತ್ತಿದ್ದ ಹಿರಿಯರ ಕೆಲಸ ಇಂದು ರೆಗ್ಯುಲೇಟರ್ ತಿರುಗಿಸುವಷ್ಟು ಹಗುರವಾಗಿದೆ. ಅದನ್ನು ದಿನವೂ ಮರೆಯದೆ ಮಾಡಬೇಕು, ಅಷ್ಟೇ.