ಓಣಿ ಸುತ್ತೋಣ, ಮನೆ ನೋಡೋಣ

ಅಕ್ಕ-ತಂಗಿಯರೇ, ನಮ್ಮ ಕುಲಗೋಡ ಹಳೆಯ ಊರು. ಶ್ರೀಕೃಷ್ಣ ಪಾರಿಜಾತ ಆಟ ಬರೆದ ತಮ್ಮಣ್ಣ ಈ ಊರಿನವರು. ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಹಳೆಯ ಮಣ್ಣಿನ ಮನೆಗಳನ್ನು ಕಟ್ಟಿದವರು ಯಾರು? ಅವರ ಹೆಸರು ಯಾರಿಗೂ ಗೊತ್ತಿಲ್ಲ. ಅವರೂ ಜಾಣರೇ. ಬನ್ನಿ, ಓಣಿಯಲ್ಲಿ ನಡೆಯುತ್ತ ಅವರ ಜಾಣತನ ನೋಡೋಣ.

ಗೋಡೆ

ಮನೆಯ ಮುಂದೆ ಕಟ್ಟಿ ಇದೆ. ಕಟ್ಟಿ ದಾಟಿ ಬಾಗಿಲಲ್ಲಿ ನಿಲ್ಲಿ. ಗೋಡೆಯ ದಪ್ಪ ಮೊಳ ಹಾಕಿ ನೋಡಿ. ಒಂದು ಮೊಳಕ್ಕಿಂತ ಹೆಚ್ಚೇ ಇರುತ್ತದೆ. ಇಷ್ಟು ದಪ್ಪ ಯಾಕೆ? ದಪ್ಪ ಮಣ್ಣಿನ ಗೋಡೆ ಬೇಗ ಕಾಯುವುದಿಲ್ಲ. ಹೊರಗಿನ ಬಿಸಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಅದಕ್ಕೇ ಬ್ಯಾಸಿಗೆಯಲ್ಲೂ ಪಡಸಾಲಿ ತಂಪು.

ಬೆಳಕಿಂಡಿ

ಕಿಟಕಿ ಕಡಿಮೆ. ಹಾಗಾದರೆ ಬೆಳಕು ಎಲ್ಲಿಂದ? ತಲೆ ಎತ್ತಿ ನೋಡಿ. ಮಾಳಿಗಿಯಲ್ಲಿ ಬೆಳಕಿಂಡಿ ಇದೆ. ಅಲ್ಲಿಂದ ಬೆಳಕು ಬರುತ್ತದೆ. ಒಲಿಯ ಹೊಗಿ ಹೋಗುತ್ತದೆ.

ಮಾಳಿಗಿ

ಕಂಬದ ಮೇಲೆ ತೊಲಿ. ತೊಲಿಯ ಮೇಲೆ ಜಂತಿ. ಅದರ ಮೇಲೆ ಸಣ್ಣ ಕಟ್ಟಿಗಿ, ಸೊಪ್ಪು, ಕೊನೆಗೆ ಮಣ್ಣು. ಮಾಳಿಗಿ ಮಟ್ಟಸವಾಗಿದೆ. ಅದರ ಮೇಲೆ ಹಪ್ಪಳ, ಶಾವಿಗಿ ಒಣಗಿಸುತ್ತೇವೆ.

ಕರಾವಳಿಯ ಮನೆಗಳು ಹೀಗಿಲ್ಲ. ಅಲ್ಲಿ ಇಳಿಜಾರು ಮಾಡು. ಮೊದಲು ಹುಲ್ಲು ಹೊದಿಸುತ್ತಿದ್ದರು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ಹಾಕಿದರು. ಮುಂದೆ ಹಂಚು ಮನೆ ಮನೆಗೆ ಬಂತು. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಅದರ ಕಾಲು ಭಾಗವೂ ಇಲ್ಲ. ಮಳೆ ಹೇಗೋ ಮನೆ ಹಾಗೆ.

ಜೋಪಾನ

ಮಣ್ಣಿನ ಮನೆಗೆ ಕೈ ಬೇಕು. ಸಾರಿಸುವವರು, ಗೋಡೆಗೆ ಮಣ್ಣು ಮೆತ್ತುವವರು ನಾವೇ. ಕೈ ಬಿಟ್ಟರೆ ಮನೆ ಬೀಳುತ್ತದೆ. 2021ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಗೋಡೆ ಬಿತ್ತು. ಏಳು ಜನ ಸತ್ತರು.

ಆದ್ದರಿಂದ ಮಳೆಗಾಲಕ್ಕೆ ಮುಂಚೆ ನೋಡೋಣ:

- ತೊಲಿ, ಜಂತಿಗೆ ಗೆದ್ದಲು ಹತ್ತಿದೆಯೇ? ಬಾಗಿವೆಯೇ?
- ಮಾಳಿಗಿಯ ನೀರು ಹೋಗುವ ದೋಣಿಯಲ್ಲಿ ಕಸ ಕಟ್ಟಿದೆಯೇ?
- ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲುತ್ತದೆಯೇ?
- ಗೋಡೆ ಉಬ್ಬಿದೆಯೇ? ಬಿರುಕು ದೊಡ್ಡದಾಗುತ್ತಿದೆಯೇ?

ಸೋರುತ್ತದೆ ಎಂದು ವರ್ಷ ವರ್ಷ ಮಣ್ಣು ಹೇರಬಾರದು. ಹಳೆಯ ಮಣ್ಣು ತೆಗೆದು ಹೊಸದು ಹಾಕಬೇಕು. ಇಲ್ಲವಾದರೆ ಭಾರ ಹೆಚ್ಚಾಗಿ ಜಂತಿ ಮುರಿಯುತ್ತದೆ. ಜಡಿಮಳೆಯಲ್ಲಿ ಗೋಡೆ ಉಬ್ಬಿದರೆ ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ಸಾಮಾನು ಹೋದರೆ ಹೋಗಲಿ. ಪಂಚಾಯತಿಗೆ ತಿಳಿಸಿ.

ಮಾತಾಡೋಣ

1. ನಿಮ್ಮ ಮನೆಯ ಗೋಡೆ ಎಷ್ಟು ಮೊಳ ದಪ್ಪ?
2. ಮಾಳಿಗಿಯ ಮಣ್ಣು ತೆಗೆದು ಎಷ್ಟು ವರ್ಷವಾಯಿತು?
3. ಮನೆಯ ಉತಾರದಲ್ಲಿ ಯಾರ ಹೆಸರಿದೆ? ನೀವೇ ಓದಿ ನೋಡಿ.